ಸತ್ತ ಮೇಲೂ ಒಂದು ಹೆಜ್ಜೆ

ಶುಕ್ರವಾರ, 13 ಫೆಬ್ರವರಿ 2026
ರಾತ್ರಿ 11.40

ಹದಿಮೂರನೇ ತಾರೀಖು ಶುಕ್ರವಾರವೇ ಬಂತು ಅಂದರೆ ನನಗೆ ಒಂದು ಹಾರರ್ ಸಿನಿಮಾ ಆಗಲೇಬೇಕು. ಇವತ್ತು ತಮ್ಮನೂ ಮನೆಯಲ್ಲಿದ್ದ. ದೀಪ ಆರಿಸಿ ಇಬ್ಬರೂ ಕೂತೆವು. ಆಯ್ಕೆ ನನ್ನದೇ, 1980ರ 'ಫ್ರೈಡೇ ದ ಥರ್ಟೀನ್ತ್'. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅವನಿಗೆ ಇದೇ ಮೊದಲು.

ಕೆವಿನ್ ಬೇಕನ್ ಸಾಯುವ ಸೀನ್ ಬಂತು. ಆಗ ಇನ್ನೂ ಅವನ ಹೆಸರು ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ. ಹುಡುಗ ಮಂಚದ ಮೇಲೆ ಆರಾಮಾಗಿ ಮಲಗಿದ್ದಾನೆ. ಮೇಲಿನ ಮಂಚದಿಂದ ಒಂದು ಹನಿ ರಕ್ತ ಹಣೆಗೆ ಬೀಳುತ್ತದೆ. ಮುಟ್ಟಿ ನೋಡುತ್ತಾನೆ. ಅಷ್ಟರಲ್ಲಿ ಮಂಚದ ಕೆಳಗಿಂದ ಒಂದು ಕೈ ಬಂದು ಅವನ ಹಣೆಯನ್ನು ಒತ್ತಿ ಹಿಡಿಯುತ್ತದೆ. ಗಂಟಲಿನ ಚರ್ಮ ಉಬ್ಬುತ್ತದೆ, ಬಾಣದ ಮೊನೆ ನಿಧಾನಕ್ಕೆ ಹೊರಗೆ ಬರುತ್ತದೆ. ತಮ್ಮ ದಿಂಬಿನಲ್ಲಿ ಮುಖ ಮುಚ್ಚಿಕೊಂಡ. ನಾನು ಚಪ್ಪಾಳೆ ತಟ್ಟಿದೆ.

ಅವನು ಸಿನಿಮಾ ನಿಲ್ಲಿಸಿದ.

"ಅಕ್ಕ, ಅಲ್ಲಿ ಒಂದು ಪ್ರಾಣ ಹೋಯ್ತು. ನೀನು ಚಪ್ಪಾಳೆ ಹೊಡೀತಿದ್ದೀಯ!"

"ಹೌದು ಕಣೋ."

"ತಮಾಷೆಗೆ ಕೇಳ್ತಿಲ್ಲ. ಇದರಲ್ಲಿ ನಿಂಗೆ ಇಷ್ಟ ಆಗೋದು ಏನು?"

ಒಳ್ಳೆ ಪ್ರಶ್ನೆ. ಇಷ್ಟು ವರ್ಷ ಯಾರೂ ನನ್ನನ್ನು ಹೀಗೆ ನೇರವಾಗಿ ಕೇಳಿರಲಿಲ್ಲ. ಅವನಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಇನ್ನೂ ಸ್ವಲ್ಪ ಸರಿಯಾಗಿ ಬರೆದಿಡುತ್ತೇನೆ.

ಮೊದಲು ಸೀನನ್ನು ಹಿಂದಕ್ಕೆ ಹಾಕಿ, "ಕತ್ತು ನೋಡು" ಅಂದೆ. ಕತ್ತಿನ ಮೇಲೆ ಇರುವುದು ಮಾತ್ರ ಬೇಕನ್ನ ಸ್ವಂತ ತಲೆ. ಕತ್ತು, ಎದೆ ಎಲ್ಲ ಈ ಸಿನಿಮಾದ ಮೇಕಪ್ ಕಲಾವಿದ ಟಾಮ್ ಸವೀನಿ ಮಾಡಿದ ನಕಲಿ. ನಟ ಮಂಚದ ಕೆಳಗೆ ಮಂಡಿಯೂರಿ, ಹಾಸಿಗೆಯ ತೂತಿನಿಂದ ತಲೆ ಮಾತ್ರ ಹೊರಗೆ ಹಾಕಿ, ಕತ್ತನ್ನು ಹಿಂದಕ್ಕೆ ಬಗ್ಗಿಸಿಕೊಂಡು ಕೂತಿದ್ದ. ನಕಲಿ ಕತ್ತು ಇದ್ದದ್ದು ಒಂದೇ. ಹಾಗಾಗಿ ಒಂದೇ ಟೇಕ್‌ನಲ್ಲಿ ಮುಗಿಯಬೇಕಿತ್ತು. ಕ್ಯಾಮೆರಾ ಓಡುತ್ತಿರುವಾಗಲೇ ರಕ್ತ ಚಿಮ್ಮಿಸುವ ಪಂಪಿನ ಪೈಪು ಕಳಚಿಕೊಂಡಿತು. ಸವೀನಿಯ ಸಹಾಯಕ ಟಾಸೋ ಸ್ಟಾವ್ರಾಕಿಸ್ ಹಿಂದೆಮುಂದೆ ನೋಡಲಿಲ್ಲ. ಪೈಪನ್ನು ಬಾಯಿಗಿಟ್ಟುಕೊಂಡು ಊದಿದ. ಅದಕ್ಕೇ ಆ ರಕ್ತ ಸುಮ್ನೆ ಹರಿಯುವುದಿಲ್ಲ, ಗುಳುಗುಳು ಅಂತ ಗುಳ್ಳೆ ಏಳುತ್ತದೆ. ಪಂಪು ಕೈ ಕೊಡದೇ ಇದ್ದಿದ್ದರೆ ಆ ಗುಳ್ಳೆ ಇರುತ್ತಲೇ ಇರಲಿಲ್ಲ, ಅಲ್ವಾ?

ತಮ್ಮ ದಿಂಬು ಪಕ್ಕಕ್ಕಿಟ್ಟು ಪರದೆಯ ಹತ್ತಿರ ಹೋದ. ಮೂರು ಸಲ ಹಿಂದೆ ಹಾಕಿ ನೋಡಿದ. ಮೂರನೇ ಸಲ ಕಣ್ಣು ಮುಚ್ಚಲಿಲ್ಲ.

ನನಗೂ ಹಾಗೇ ಆಗಿತ್ತು. ಸಣ್ಣವಳಿದ್ದಾಗ 1984ರ 'ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್' ನೋಡಿ ಒಂದು ವಾರ ಹಾಸಿಗೆಯಲ್ಲಿ ಮಲಗಿರಲಿಲ್ಲ. ಜಾನಿ ಡೆಪ್‌ಗೆ ಅದು ಮೊದಲ ಸಿನಿಮಾ. ಹಾಸಿಗೆ ಅವನನ್ನು ಇಡಿಯಾಗಿ ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಅದೇ ಗುಂಡಿಯಿಂದ ರಕ್ತ ಕಾರಂಜಿಯ ಹಾಗೆ ಚಾವಣಿಗೆ ಚಿಮ್ಮುತ್ತದೆ. ಒಂದು ಮೈಯಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ ರಕ್ತ. ಚಾವಣಿ ತುಂಬಿ ಹರಡಿಕೊಂಡರೂ ನಿಲ್ಲುವುದಿಲ್ಲ. ಹಲವು ವರ್ಷದ ನಂತರ ಅದನ್ನು ಹೇಗೆ ತೆಗೆದರು ಅಂತ ಓದಿದೆ. ಇಡೀ ಕೋಣೆಯೇ ತಿರುಗುವ ಸೆಟ್ಟು. ಅದನ್ನು ತಲೆಕೆಳಗು ಮಾಡಿದ್ದರು. ಕ್ಯಾಮೆರಾವೂ ತಲೆಕೆಳಗು. ಮಂಚ ಮೇಲಿತ್ತು, ಚಾವಣಿ ಕೆಳಗಿತ್ತು. ಹಾಸಿಗೆಯ ತೂತಿನಿಂದ ಬಣ್ಣದ ನೀರನ್ನು ಸುರಿದರು. ಅದು ಕೆಳಗೆ ಬಿತ್ತು, ನಮಗೆ ಮೇಲೆ ಚಿಮ್ಮಿದ ಹಾಗೆ ಕಂಡಿತು. ಅಷ್ಟೇ. ಆದರೂ ಆ ಸೀನ್‌ನ ಬೆಲೆ ನನಗೆ ಒಂದು ಚೂರೂ ಕಡಿಮೆ ಆಗಲಿಲ್ಲ. ಹೆದರಿಕೆ ಹೋದ ಜಾಗದಲ್ಲಿ ಪ್ರೀತಿ ಬಂತು. ಇಷ್ಟು ಜನ ಸೇರಿ, ಒಂದು ಕೋಣೆಯನ್ನೇ ಬುಡಮೇಲು ಮಾಡಿ, ನನ್ನನ್ನು ಹೆದರಿಸಲು ಕಷ್ಟಪಟ್ಟಿದ್ದಾರಲ್ಲ ಅಂತ.

ಇನ್ನು ತಮ್ಮನ ಪ್ರಶ್ನೆಗೆ ಉತ್ತರ. ನನಗೆ ಇಷ್ಟವಾಗುವ ಸಾವುಗಳಲ್ಲೆಲ್ಲ ಒಂದು ಗುಣ ಇದೆ. ಸಾವು ಆಗಿ ಮುಗಿಯುತ್ತದೆ, ಆದರೆ ಸೀನ್ ಮುಗಿಯುವುದಿಲ್ಲ. ಸತ್ತ ಮೇಲೂ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕತೆಗೆ ಆ ಹೆಜ್ಜೆ ಬೇಕಾಗಿರುವುದಿಲ್ಲ. ಮಾಡಿದವರ ಉಮೇದೆಲ್ಲ ಇರುವುದು ಅಲ್ಲೇ.

1989ರಲ್ಲಿ ಬಂದ 'ಫ್ರೈಡೇ ದ ಥರ್ಟೀನ್ತ್' ಸರಣಿಯ ಎಂಟನೇ ಭಾಗ ನೋಡಿ. ಒಬ್ಬ ಬಾಕ್ಸರ್ ಹುಡುಗ ಕಟ್ಟಡದ ತಾರಸಿಯಲ್ಲಿ ಕೊಲೆಗಾರ ಜೇಸನ್‌ಗೆ ಎದುರಾಗುತ್ತಾನೆ. ಓಡಿಹೋಗುವುದಿಲ್ಲ. ಗುದ್ದಲು ಶುರು ಮಾಡುತ್ತಾನೆ. ಗುದ್ದುತ್ತಾನೆ, ಗುದ್ದುತ್ತಾನೆ, ತಾರಸಿಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೂ ಗುದ್ದುತ್ತಲೇ ಹೋಗುತ್ತಾನೆ. ಜೇಸನ್ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾನೆ, ಬೀಳುವುದಿಲ್ಲ. ಕೊನೆಗೆ ಹುಡುಗನ ಕೈ ಸೋಲುತ್ತದೆ, ಉಸಿರು ಸಾಲುವುದಿಲ್ಲ. ಈಗ ನಿನ್ನ ಸರದಿ, ಹೊಡಿ ಅನ್ನುತ್ತಾನೆ. ಜೇಸನ್ ಹೊಡೆಯುತ್ತಾನೆ. ಒಂದೇ ಏಟು. ರುಂಡ ಬೇರೆ, ಮುಂಡ ಬೇರೆ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಇಲ್ಲಿ ತಲೆ ಹಾರಿ, ಉರುಳಿ, ಕೆಳಗೆ ಬೀದಿಯಲ್ಲಿದ್ದ ಕಸದ ಡಬ್ಬಿಗೆ ಸರಿಯಾಗಿ ಬೀಳುತ್ತದೆ. ಆಮೇಲೆ ಡಬ್ಬಿಯ ಮುಚ್ಚಳ ಮುಚ್ಚಿಕೊಳ್ಳುತ್ತದೆ! ನಾನು ಹೇಳುವ ಹೆಜ್ಜೆ ಅಂದರೆ ಆ ಮುಚ್ಚಳ. ಅದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ.

1971ರ 'ದಿ ಅಬಾಮಿನಬಲ್ ಡಾಕ್ಟರ್ ಫೈಬ್ಸ್' ಇನ್ನೂ ಚೆಂದ. ವಿನ್ಸೆಂಟ್ ಪ್ರೈಸ್ ಅದರಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ಆಪರೇಷನ್ ಮಾಡಿದ ಡಾಕ್ಟರ್‌ಗಳ ಮೇಲೆ ಸೇಡು ತೀರಿಸಿಕೊಳ್ಳುತ್ತಾನೆ, ಬೈಬಲ್‌ನಲ್ಲಿ ಈಜಿಪ್ಟಿಗೆ ಬಂದ ಪೀಡೆಗಳ ಮಾದರಿಯಲ್ಲಿ. ಒಬ್ಬನಿಗೆ ಕಪ್ಪೆಯ ಮುಖವಾಡ ತೊಡಿಸುತ್ತಾನೆ, ಅದು ಬಿಗಿಯುತ್ತಾ ಬಿಗಿಯುತ್ತಾ ತಲೆಯನ್ನೇ ನುಚ್ಚು ಮಾಡುತ್ತದೆ. ಇನ್ನೊಬ್ಬನಿಗೆ ಹಿತ್ತಾಳೆಯ ಒಂಟಿಕೊಂಬಿನ ಕುದುರೆ ತಲೆ, ಬೀದಿಯ ಆಚೆಯಿಂದ ಕವಣೆಯಲ್ಲಿ ಹಾರಿಬಂದು ಅವನನ್ನು ಗೋಡೆಗೆ ಚುಚ್ಚಿ ನಿಲ್ಲಿಸುತ್ತದೆ. ಅದೇ ಸಾಕಷ್ಟು ವಿಚಿತ್ರ ಅಲ್ವಾ? ಇಲ್ಲ, ಸಾಲದು. ಆ ಕೊಂಬಿಗೆ ಸ್ಕ್ರೂ ತರಹ ಸುರುಳಿ ಇದೆ. ಪೊಲೀಸರು ಹೆಣವನ್ನು ಗೋಡೆಯಿಂದ ಬಿಡಿಸಬೇಕಾದರೆ ಇಡೀ ಮನುಷ್ಯನನ್ನು ಗಿರಗಿರ ತಿರುಗಿಸಬೇಕು. ಎಡಕ್ಕೆ ತಿರುಗಿಸುವ ಸ್ಕ್ರೂನೋ ಬಲಕ್ಕೆ ತಿರುಗಿಸುವ ಸ್ಕ್ರೂನೋ ಅನ್ನುವ ವಿಚಾರವೂ ಬರುತ್ತದೆ. ಅವರು ಗಂಭೀರವಾಗಿಯೇ ಮಾತಾಡುತ್ತಾರೆ. ನನಗೆ ನಗು ಬರುವುದೇ ಆ ಗಾಂಭೀರ್ಯಕ್ಕೆ.

ಇದು ಬಹಳ ಮುಖ್ಯ. ಇಂಥ ಸಿನಿಮಾಗಳಲ್ಲಿ ನಟರು ನಮ್ಮ ಕಡೆ ನೋಡಿ ಕಣ್ಣು ಹೊಡೆದರೆ ಎಲ್ಲ ಕೆಟ್ಟಿತು. ಈಗ ಬರುವ ಎಷ್ಟೋ ಸಿನಿಮಾಗಳು ಬೇಕಂತಲೇ ಕೆಟ್ಟದಾಗಿ ಮಾಡುತ್ತವೆ, ನಾವೂ ತಮಾಷೆಗೇ ಮಾಡ್ತಿದ್ದೀವಿ ಅಂತ ಮೊದಲೇ ಹೇಳಿಬಿಡುತ್ತವೆ. ನನಗೆ ಅವು ರುಚಿಸುವುದಿಲ್ಲ. 1987ರ 'ಈವಿಲ್ ಡೆಡ್ 2'ರಲ್ಲಿ ಬ್ರೂಸ್ ಕ್ಯಾಂಪ್‌ಬೆಲ್ ತನ್ನದೇ ಕೈ ಜೊತೆ ಜಗಳ ಆಡುತ್ತಾನೆ. ಆ ಕೈಗೆ ದೆವ್ವ ಹಿಡಿದಿದೆ. ಅದು ತಟ್ಟೆಗಳನ್ನು ಅವನ ತಲೆಗೇ ಒಡೆಯುತ್ತದೆ, ಅವನನ್ನೇ ಎತ್ತಿ ನೆಲಕ್ಕೆ ಕೆಡವುತ್ತದೆ. ಅವನ ಕಣ್ಣು ನೋಡಿ. ಒಂದು ಕ್ಷಣವೂ ಅವನಿಗೆ ಅದು ತಮಾಷೆ ಅಲ್ಲ. ಕೊನೆಗೆ ಚೈನ್‌ಸಾದಲ್ಲಿ ಕೈಯನ್ನು ಕತ್ತರಿಸಿ ಬಕೆಟ್ ಬೋರಲು ಹಾಕಿ ಮುಚ್ಚುತ್ತಾನೆ. ಅದು ತಪ್ಪಿಸಿಕೊಳ್ಳಬಾರದು ಅಂತ ಮೇಲೆ ಪುಸ್ತಕ ಪೇರಿಸುತ್ತಾನೆ. ಎಲ್ಲಕ್ಕಿಂತ ಮೇಲಿನ ಪುಸ್ತಕ ಹೆಮಿಂಗ್ವೇಯ 'ಎ ಫೇರ್‌ವೆಲ್ ಟು ಆರ್ಮ್ಸ್'. ಆರ್ಮ್ಸ್ ಅಂದರೆ ಆಯುಧವೂ ಹೌದು, ತೋಳೂ ಹೌದು. ಯಾರೂ ಅದನ್ನು ಎತ್ತಿ ತೋರಿಸುವುದಿಲ್ಲ. ಗಮನಿಸಿದವರಿಗೆ ಸಿಕ್ಕಿತು.

ಅದೇ ಸಿನಿಮಾದಲ್ಲಿ ರಕ್ತ ಒಮ್ಮೆ ಕೆಂಪು, ಒಮ್ಮೆ ಕಪ್ಪು, ಒಮ್ಮೆ ಹಸಿರು. ಕೆಂಪು ಕಡಿಮೆ ಮಾಡಿದರೆ ಅಮೆರಿಕದ ಸೆನ್ಸಾರ್ ತರಹದ ರೇಟಿಂಗ್ ಮಂಡಳಿ ಸ್ವಲ್ಪ ಮೆತ್ತಗಾಗಬಹುದು ಅನ್ನುವ ಲೆಕ್ಕ. ಕೊನೆಗೆ ರೇಟಿಂಗ್ ಇಲ್ಲದೆಯೇ ಬಿಡುಗಡೆ ಆಯಿತು. ಆದರೆ ಆ ಹಸಿರು ರಕ್ತ ಉಳಿಯಿತು, ನಮ್ಮ ಪುಣ್ಯ.

ತಮ್ಮ ಇಷ್ಟಕ್ಕೆ ಒಪ್ಪಲಿಲ್ಲ. "ಹಾಗಾದ್ರೆ 'ಡೀಪ್ ಬ್ಲೂ ಸೀ' ಹೇಳು. ಅಲ್ಲಿ ಏನೂ ಜಾಸ್ತಿ ಇಲ್ವಲ್ಲ?" ಅಂದ. ಅವನು ಹೇಳಿದ್ದು ಸರಿ. 1999ರ ಆ ಸಿನಿಮಾದಲ್ಲಿ ಸ್ಯಾಮ್ಯುಯೆಲ್ ಜಾಕ್ಸನ್ ಎಲ್ಲರಿಗೂ ಧೈರ್ಯ ಹೇಳುತ್ತಾ ಭಾಷಣ ಮಾಡುತ್ತಿರುತ್ತಾನೆ. ಜಗಳ ಬಿಡಿ, ಒಟ್ಟಾಗಿ ಇರೋಣ ಅಂತ. ಮಾತು ಏರುತ್ತಾ ಹೋಗುತ್ತದೆ. ಮಾತು ಮುಗಿಯುವ ಮೊದಲೇ ಹಿಂದಿನ ನೀರಿನಿಂದ ಶಾರ್ಕ್ ಎದ್ದು ಅವನನ್ನು ಎಳೆದುಕೊಂಡು ಹೋಗುತ್ತದೆ. ಇಡೀ ಸಿನಿಮಾದಲ್ಲಿ ಅತಿ ದೊಡ್ಡ ಹೆಸರು ಅವನದೇ. ಅವನು ಉಳಿಯುತ್ತಾನೆ ಅಂತಲೇ ನಾವು ನಂಬಿರುತ್ತೇವೆ. ನಾನು ತುಂಬಾ ಹೊತ್ತು ಯೋಚಿಸಿದೆ. ಅಲ್ಲಿ ಹೆಜ್ಜೆ ಸಾವಿನ ನಂತರ ಇಲ್ಲ, ಸಾವಿಗೆ ಮೊದಲೇ ಇದೆ. ಆ ಭಾಷಣ ಅಷ್ಟು ಉದ್ದ ಇರಬೇಕಾಗಿರಲಿಲ್ಲ. ಇದ್ದದ್ದರಿಂದಲೇ ಶಾರ್ಕ್‌ಗೆ ಆ ಬಲ ಬಂತು. ಇದನ್ನು ಹೇಳಿದಾಗ ತಮ್ಮ "ಹ್ಮ್" ಅಂದ. ಅವನ ಲೆಕ್ಕದಲ್ಲಿ ಅದು ಒಪ್ಪಿಗೆ.

ಮಲಗುವ ಚೀಲದ ಸೀನನ್ನೂ ಹೇಳಿದೆ. 'ಫ್ರೈಡೇ ದ ಥರ್ಟೀನ್ತ್'ನ 1988ರ ಏಳನೇ ಭಾಗದಲ್ಲಿ ಜೇಸನ್ ಒಬ್ಬಳನ್ನು ಚೀಲದ ಸಮೇತ ಎಳೆದು ಮರಕ್ಕೆ ಬಡಿಯುತ್ತಾನೆ. ಶೂಟಿಂಗ್ ಮಾಡಿದ್ದು ಹಲವು ಏಟು. ರೇಟಿಂಗ್‌ಗಾಗಿ ಕತ್ತರಿ ಹಾಕಿ ಹಾಕಿ ಒಂದೇ ಏಟು ಉಳಿಯಿತು. ನಾನು ಕಡಿತದ ಪರ ಅಲ್ಲವೇ ಅಲ್ಲ, ಆದರೆ ಆ ಒಂದೇ ಏಟು ಎಷ್ಟು ಚೆನ್ನಾಗಿದೆ! ಬಾಕಿ ಏಟುಗಳು ಅದೇ ಸರಣಿಯಲ್ಲಿ ಆಮೇಲೆ ಬಂದ 'ಜೇಸನ್ ಎಕ್ಸ್'ನಲ್ಲಿ ಬಂದವು. ಅಲ್ಲಿ ಅವನು ಒಂದು ಚೀಲದಿಂದ ಇನ್ನೊಂದು ಚೀಲವನ್ನು ಬಡಿಯುತ್ತಾನೆ.

ಜಪಾನಿನ 'ಹೌಸು' ಬಗ್ಗೆ ಹೇಳಲು ಹೋದರೆ ಬೆಳಗಾಗುತ್ತದೆ. 1977ರ ಸಿನಿಮಾ. ನಿರ್ದೇಶಕ ನೊಬುಹಿಕೋ ಒಬಯಾಶಿ ತನ್ನ ಪುಟ್ಟ ಮಗಳನ್ನೇ ಕೇಳಿ ಅವಳ ಭಯಗಳನ್ನು ಕತೆಗೆ ಸೇರಿಸಿಕೊಂಡ. ಅದಕ್ಕೇ ಅಲ್ಲಿ ಪಿಯಾನೋ ಒಬ್ಬ ಹುಡುಗಿಯನ್ನು ತಿನ್ನುತ್ತದೆ. ಮೊದಲು ಬೆರಳು, ಆಮೇಲೆ ಪೂರ್ತಿ. ತುಂಡಾದ ಬೆರಳುಗಳು ಮಾತ್ರ ನುಡಿಸುತ್ತಲೇ ಇರುತ್ತವೆ. ದೊಡ್ಡವರ ತಲೆಗೆ ಇದು ಹೊಳೆಯುವುದಿಲ್ಲ. ಸಣ್ಣ ಮಕ್ಕಳ ಭಯಕ್ಕೆ ಇಂತಿಷ್ಟೇ ಅಂತ ಅಳತೆ ಇರುವುದಿಲ್ಲ.

ಅಳತೆ ಅಂದಾಗ 'ಬ್ರೇನ್‌ಡೆಡ್' ನೆನಪಾಯಿತು. 1992, ನ್ಯೂಜಿಲೆಂಡ್, ನಿರ್ದೇಶಕ ಪೀಟರ್ ಜಾಕ್ಸನ್. ಅದರ ಕೊನೆಯ ಹುಲ್ಲು ಕತ್ತರಿಸುವ ಯಂತ್ರದ ಸೀನ್‌ಗೇ ಸುಮಾರು 300 ಲೀಟರ್ ನಕಲಿ ರಕ್ತ ಸುರಿದರು ಅನ್ನುತ್ತಾರೆ. ಯಂತ್ರವನ್ನು ಎದೆಗೆ ಹಿಡಿದುಕೊಂಡು ನಾಯಕ ಎದ್ದು ಓಡಾಡುವ ಹೆಣಗಳ ಗುಂಪಿಗೆ ನುಗ್ಗುತ್ತಾನೆ. ನನಗೆ ಅಷ್ಟೂ ರಕ್ತಕ್ಕಿಂತ ಇಷ್ಟವಾಗುವುದು ಅವನು ಓಡಲು ಹೋಗಿ ರಕ್ತದ ಮೇಲೆ ಜಾರುತ್ತಾ ನಿಂತಲ್ಲೇ ಓಡುವುದು. ಅಷ್ಟೆಲ್ಲ ಸುರಿದರೆ ನೆಲ ಜಾರುತ್ತದೆ ಅನ್ನುವುದನ್ನು ಅವರು ಮರೆತಿಲ್ಲ.

ಹತ್ತೂವರೆಗೆ ತಮ್ಮ ಎದ್ದು ಅಡುಗೆಮನೆಗೆ ಹೋದ. "ಅಕ್ಕ, ನಾವೂ ಮಾಡಿ ನೋಡೋಣ್ವಾ?" ನಾನು ಬೇಡ ಅನ್ನಲಿಲ್ಲ.

ಸಕ್ಕರೆ ಪಾಕ ಎಳೆ ಬರುವ ಮುಂಚೆಯೇ ಇಳಿಸಿದೆವು. ಎಳೆ ಬಂದರೆ ಗಟ್ಟಿಯಾಗಿಬಿಡುತ್ತದೆ. ತಣ್ಣಗಾದ ಮೇಲೆ ತಿಂಡಿಗೆ ಹಾಕುವ ಕೆಂಪು ಬಣ್ಣ ಹಾಕಿದೆವು. ನೋಡಿದರೆ ಬರೀ ಶರಬತ್ತು. ಬೆಳಕಿಗೆ ಹಿಡಿದರೆ ಆಚೆ ಕಡೆಯದು ಕಾಣುತ್ತಿತ್ತು. ಒಂದು ಚಮಚ ಕೋಕೋ ಪುಡಿಯನ್ನು ನೀರಿನಲ್ಲಿ ಕಲಸಿ ಸೇರಿಸಿದೆ. ಆಗ ನೋಡಿ, ಮಂದವಾಯಿತು, ಕಂದು ತಿರುಗಿತು, ಚಮಚದ ಬೆನ್ನಿಗೆ ಅಂಟಿಕೊಂಡು ನಿಧಾನಕ್ಕೆ ಇಳಿಯಲು ಶುರುವಾಯಿತು. ಇಬ್ಬರೂ ಮಾತಿಲ್ಲದೆ ಆ ಚಮಚವನ್ನೇ ನೋಡಿದೆವು.

ಆಮೇಲೆ ಹಳೆಯ ತೆಳು ಪೈಪಿನ ಒಂದು ತುದಿಯನ್ನು ಬಟ್ಟಲಿನಲ್ಲಿ ಮುಳುಗಿಸಿದೆವು. ಮೊದಲು ನಾನು ಜೋರಾಗಿ ಊದಿದೆ. ಎಲ್ಲ ಕಡೆ ಸಿಡಿಯಿತು, ಗೋಡೆಗೂ ಹತ್ತಿತು. ತಮ್ಮ ಪೈಪು ತೊಳೆದುಕೊಂಡು ಬಂದು ಕೂತ. ಅವನು ಜೋರಾಗಿ ಊದಲಿಲ್ಲ. ಸ್ವಲ್ಪ ಊದುತ್ತಿದ್ದ, ನಿಲ್ಲಿಸುತ್ತಿದ್ದ, ಮತ್ತೆ ಸ್ವಲ್ಪ. ಬಟ್ಟಲಿನ ನಡುವೆ ಒಂದು ದಪ್ಪ ಗುಳ್ಳೆ ಎದ್ದಿತು. ಒಡೆಯಲಿಲ್ಲ. ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಸಿನಿಮಾದಲ್ಲಿ ಕಂಡ ಹಾಗೇ ಇತ್ತು.

"ಅವನೂ ಹೀಗೇ ಊದಿರ್ತಾನೆ ಅಲ್ವಾ ಅಕ್ಕ? ಮಂಚದ ಕೆಳಗೆ ಕೂತು?"

"ಹೀಗೇ ಊದಿರ್ತಾನೆ."

"ನೀನು ಬಟ್ಟಲು ಹಿಡ್ಕೋ. ಇನ್ನೊಂದ್ಸಲ ಮಾಡ್ತೀನಿ" ಅಂತ ಅವನು ಮತ್ತೆ ಪೈಪನ್ನು ಬಾಯಿಗಿಟ್ಟ. ಗೋಡೆ ಒರೆಸುವುದು ಇನ್ನೂ ಬಾಕಿ ಇದೆ.