ಐ5 ಹಾಕಿಸಲಾ, ಐ7 ಹಾಕಿಸಲಾ?

ಕಾಫಿ ಮಾರಿ ಕೈಗೆ ದುಡ್ಡು ಬರುವ ಹೊತ್ತಿಗೆ ಒಂದು ಸಲ, ಪಿಯುಸಿ ಮುಗಿಸಿದ ಮಕ್ಕಳು ಕಾಲೇಜು ಸೇರುವ ಹೊತ್ತಿಗೆ ಇನ್ನೊಂದು ಸಲ, ಈ ಪ್ರಶ್ನೆ ನನಗೆ ಬಂದೇ ಬರುತ್ತದೆ. "ಅಣ್ಣ, ಮನೆಗೊಂದು ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕು. ಎಲ್ಲ ಕೆಲಸಕ್ಕೂ ಆಗಬೇಕು. ಐ5 ಹಾಕಿಸಲಾ, ಐ7 ಹಾಕಿಸಲಾ?" ಮಡಿಕೇರಿಯವರೂ ಕೇಳುತ್ತಾರೆ, ಗೋಣಿಕೊಪ್ಪದವರೂ ಕೇಳುತ್ತಾರೆ. ಕುಶಾಲನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನಗೆ ಇದನ್ನು ಫೋನಿನಲ್ಲಿ ಬಿಡಿಸಿ ಹೇಳುವುದು ಕಷ್ಟ. ಅದಕ್ಕೇ ಬರೆದಿಡುತ್ತಿದ್ದೇನೆ. ಐ5, ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳು, ಅಂದರೆ ಕಂಪ್ಯೂಟರ್‌ನ ಮಿದುಳು. ಎಎಂಡಿ ಅದರ ಎದುರಾಳಿ ಕಂಪನಿ, ರೈಜನ್ ಅವರ ಪ್ರೊಸೆಸರ್.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಆರು ಕೋರ್ (ಕೆಲಸ ಮಾಡುವ ಘಟಕ) ಇರುವ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಒಳಗೇ ಇರುವ, 65 ವ್ಯಾಟ್ ವರ್ಗದ ಪ್ರೊಸೆಸರ್ ಹಾಕಿಸಿ. ಇಂಟೆಲ್‌ನಲ್ಲಿ ಐ5-12400. ಎಎಂಡಿಯಲ್ಲಿ ಬಜೆಟ್ ಕಡಿಮೆ ಇದ್ದರೆ ರೈಜನ್ 5 5600ಜಿ, ಸ್ವಲ್ಪ ಜಾಸ್ತಿ ಇದ್ದರೆ ರೈಜನ್ 5 8600ಜಿ. ಐ7ಗೆ ಕೊಡಬೇಕಿದ್ದ ದುಡ್ಡು ಉಳಿಯಿತಲ್ಲ, ಅದನ್ನು ಎಸ್‌ಎಸ್‌ಡಿ, ರ‍್ಯಾಮ್, ಒಳ್ಳೆಯ ಎಸ್‌ಎಂಪಿಎಸ್, ಯುಪಿಎಸ್ ಮೇಲೆ ಹಾಕಿ. (ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ, ತಿರುಗದ, ವೇಗದ ಡಿಸ್ಕ್; ಎಸ್‌ಎಂಪಿಎಸ್ ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ.) ಇಷ್ಟೇ. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ.

ಮೊದಲನೆಯದಾಗಿ, ಐ7 ಅನ್ನುವುದು ಒಂದೇ ಒಂದು ಪ್ರೊಸೆಸರ್ ಅಲ್ಲ. ಇಂಟೆಲ್ 2008ರಿಂದ ಆ ಹೆಸರಿನಲ್ಲಿ ಮಾರುತ್ತಾ ಬಂದಿದೆ. 14ನೇ ಪೀಳಿಗೆಯವರೆಗೆ ಪ್ರತಿ ಪೀಳಿಗೆಯಲ್ಲೂ ಬೇರೆ ಬೇರೆ ಐ3, ಐ5, ಐ7 ಬಂದಿವೆ. ಯಾವ ವರ್ಷದ ಮಾಡೆಲ್ ಅಂತ ಕೇಳದೆ ಯಾರಾದರೂ ಜೀಪ್ ಕೊಳ್ಳುತ್ತಾರಾ? ಕಂಪ್ಯೂಟರ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ "ಐ7 ಅಂತೆ" ಅಂದುಕೊಂಡು ಸುಮ್ಮನಾಗುತ್ತಾರೆ. "ಐ7, 16 ಜಿಬಿ, ಎಸ್‌ಎಸ್‌ಡಿ, ಮಾನಿಟರ್ ಸಮೇತ ಫುಲ್ ಸೆಟ್" ಅಂತ ಮೊಬೈಲ್‌ನಲ್ಲಿ ಜಾಹೀರಾತು ಬರುತ್ತದಲ್ಲ, ನಂಬಲಾಗದಷ್ಟು ಅಗ್ಗಕ್ಕೆ? ಅದರಲ್ಲಿ ಐ7 ಆದ ಮೇಲಿನ ಅಂಕಿ ನೋಡಿ. ಬಹಳಷ್ಟು ಸಲ 3770 ಅಂತಲೋ 2600 ಅಂತಲೋ ಇರುತ್ತದೆ. 3770 ಅಂದರೆ ಮೂರನೇ ಪೀಳಿಗೆ, 2012ರದ್ದು. 2600 ಅದಕ್ಕಿಂತ ಒಂದು ವರ್ಷ ಹಳೆಯದು.

ಇನ್ನೊಂದು ಲೆಕ್ಕ ಕೊಡುತ್ತೇನೆ. 2017ರ ಐ7-7700ಕ್ಕೆ ನಾಲ್ಕು ಕೋರ್, ಎಂಟು ಥ್ರೆಡ್ (ಒಂದೇ ಹೊತ್ತಿಗೆ ನಡೆಸಬಹುದಾದ ಕೆಲಸದ ಸಾಲು). 2022ರ ಐ3-12100ಕ್ಕೂ ನಾಲ್ಕು ಕೋರ್, ಎಂಟು ಥ್ರೆಡ್. ಎರಡನ್ನೂ ಪಕ್ಕಪಕ್ಕ ಇಟ್ಟು ಓಡಿಸಿದರೆ ಐ3 ಮುಂದೆ ಹೋಗುತ್ತದೆ. ಜೊತೆಗೆ ವಿಂಡೋಸ್ 11ರ ತಕರಾರು. ಬೆರಳೆಣಿಕೆಯ ಮಾಡೆಲ್‌ಗಳನ್ನು ಬಿಟ್ಟರೆ ಅದು ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯದನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಬ್ಯಾಂಕ್ ಕೆಲಸ, ಜಿಎಸ್‌ಟಿ ಎಲ್ಲ ಅದೇ ಕಂಪ್ಯೂಟರ್‌ನಲ್ಲಿ ಮಾಡುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ.

ಹೊಸದು ಬೇಕೇಬೇಕಾ ಅನ್ನುವುದನ್ನೂ ನೋಡಿಕೊಳ್ಳಿ. ಸುಂಟಿಕೊಪ್ಪದ ಹತ್ತಿರ ಒಂದು ತೋಟದ ಮನೆಗೆ ಹೋಗಿದ್ದೆ. ಯಜಮಾನರು ಐ7 ಹಾಕಿಸುವುದು ಅಂತ ತೀರ್ಮಾನ ಮಾಡಿಯೇ ನನ್ನನ್ನು ಕರೆಸಿದ್ದರು. "ಆನ್ ಮಾಡಿ ಕಾಫಿ ಕುಡಿದು ಬಂದರೂ ಎದ್ದಿರಲ್ಲ ಮಾರಾಯ, ಪ್ರೊಸೆಸರ್ ಹೋಗಿದೆ" ಅಂದರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದೆ. ಸಿಪಿಯು ಹತ್ತು ಪರ್ಸೆಂಟ್ ಆಸುಪಾಸಿನಲ್ಲಿ ಆರಾಮಾಗಿತ್ತು. ಡಿಸ್ಕ್ ಮಾತ್ರ ನೂರಕ್ಕೆ ಅಂಟಿಕೊಂಡು ಕೆಳಗೇ ಇಳಿಯುತ್ತಿರಲಿಲ್ಲ. ಎಂಟನೇ ಪೀಳಿಗೆಯ ಐ5, ಪಾಪ, ಹಳೆಯ ಹಾರ್ಡ್ ಡಿಸ್ಕ್ ಕೊಡುವ ಡೇಟಾಗೆ ಕಾಯುತ್ತಾ ಕೂತಿತ್ತು. ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಿ ಓದಲು ಸುಮಾರು ಹತ್ತು ಮಿಲಿಸೆಕೆಂಡ್ ಬೇಕು. ಎಸ್‌ಎಸ್‌ಡಿಗೆ ಒಂದು ಮಿಲಿಸೆಕೆಂಡೂ ಬೇಡ. ವಿಂಡೋಸ್ ಏಳುವಾಗ ಸಾವಿರಾರು ಸಣ್ಣ ಸಣ್ಣ ಫೈಲ್ ಓದಬೇಕು, ಅಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಎಸ್‌ಎಸ್‌ಡಿ ಹಾಕಿ, ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೇ ಕ್ಲೋನ್, ಅಂದರೆ ಹಾಗ್ಹಾಗೇ ನಕಲು, ಮಾಡಿಕೊಟ್ಟೆ. ಐ7 ಮಾತು ಅಲ್ಲಿಗೇ ನಿಂತಿತು.

ಸರಿ, ಹೊಸದೇ ಬೇಕು ಅಂತಿಟ್ಟುಕೊಳ್ಳೋಣ. ನಮ್ಮ ಕಡೆ ಮನೆಯ ಕಂಪ್ಯೂಟರ್‌ನಲ್ಲಿ ಏನೇನು ನಡೆಯುತ್ತದೆ? ಆರ್‌ಟಿಸಿ ತೆಗೆಯುವುದು, ತೋಟದ ಕೂಲಿ ಲೆಕ್ಕ, ಹೋಂಸ್ಟೇ ಇದ್ದರೆ ಬುಕಿಂಗ್. ಮಗಳ ಪೈಥಾನ್ ಕೋಡಿಂಗ್, ಮಗನ ವ್ಯಾಲರಂಟ್ ಗೇಮ್. ಮದುವೆ ಫೋಟೊ, ತೋಟದ ಡ್ರೋನ್ ವಿಡಿಯೊ. ಇದರಲ್ಲಿ ಪ್ರೊಸೆಸರ್‌ಗೆ ಬೆವರು ಬರಿಸುವುದು ವಿಡಿಯೊ ಎಡಿಟಿಂಗ್ ಮತ್ತು ಗೇಮ್ ಮಾತ್ರ. ಎಕ್ಸೆಲ್, ಬ್ರೌಸರ್ ಎಲ್ಲ ನಾಲ್ಕು ಕೋರ್‌ನಲ್ಲೇ ಸಲೀಸಾಗಿ ಓಡುತ್ತವೆ. ಹಾಗಿದ್ದರೆ ಆರು ಯಾಕೆ? ಕಂಪ್ಯೂಟರ್ ಒಂದು ಸಲ ಮನೆಗೆ ಬಂದರೆ ಆರೇಳು ವರ್ಷ ಇರುತ್ತದೆ. ಸಾಫ್ಟ್‌ವೇರ್ ವರ್ಷ ವರ್ಷ ಭಾರ ಆಗುತ್ತಲೇ ಹೋಗುತ್ತದೆ. ಆರು ಕೋರ್ ಅಂದರೆ ಅಷ್ಟು ದಿನಕ್ಕೂ ಸಾಲುವ ಲೆಕ್ಕ.

ಈಗ ಅಂಕಿಯ ಕೊನೆಯಲ್ಲಿ ಬರುವ ಅಕ್ಷರ. ಜನ ಕೈ ಸುಟ್ಟುಕೊಳ್ಳುವುದೇ ಇಲ್ಲಿ. ಮಳೆಗಾಲದಲ್ಲಿ ಒಬ್ಬ ಹುಡುಗ ಕ್ಯಾಬಿನೆಟ್‌ಗೆ ಪ್ಲಾಸ್ಟಿಕ್ ಸುತ್ತಿಕೊಂಡು ಅಂಗಡಿಗೆ ಹೊತ್ತು ತಂದ. ಬಿಡಿಭಾಗ ಆನ್‌ಲೈನ್‌ನಲ್ಲಿ ತರಿಸಿ ತಾನೇ ಜೋಡಿಸಿದ್ದ, ಅಚ್ಚುಕಟ್ಟಾಗಿಯೇ ಜೋಡಿಸಿದ್ದ. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮಾನಿಟರ್‌ನಲ್ಲಿ ಮಾತ್ರ "ನೋ ಸಿಗ್ನಲ್". ರ‍್ಯಾಮ್ ತೆಗೆದು ರಬ್ಬರ್‌ನಲ್ಲಿ ಉಜ್ಜಿ ಹಾಕಿದ್ದ. ಕೇಬಲ್ ಬದಲಿಸಿದ್ದ. ಪ್ರೊಸೆಸರ್ ಬಾಕ್ಸ್ ತೋರಿಸು ಅಂದೆ. ಐ5-12400ಎಫ್.

"ಮದರ್‌ಬೋರ್ಡ್‌ನಲ್ಲಿ ಎಚ್‌ಡಿಎಂಐ ಇದೆಯಲ್ಲ ಅಣ್ಣ?"

"ಇದೆ. ಆದರೆ ಅದಕ್ಕೆ ಚಿತ್ರ ಕಳಿಸುವುದು ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್. ಎಫ್ ಅಂದರೆ ಅದೇ ಇಲ್ಲ ಅಂತ."

ಎಫ್ ಇರುವುದು ಒಂದಿಷ್ಟು ಕಡಿಮೆಗೆ ಸಿಗುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಅದು ಲಾಭವೇ. ಉಳಿದವರಿಗೆ ದಂಡ. ನನ್ನನ್ನು ಕೇಳಿದರೆ, ಕಾರ್ಡ್ ಹಾಕುವವರೂ ಗ್ರಾಫಿಕ್ಸ್ ಇರುವುದನ್ನೇ ತಗೊಳ್ಳಲಿ. ಕಾರ್ಡ್ ಕೆಟ್ಟರೆ ವಾರಂಟಿಗೆ ಮೈಸೂರಿಗೋ ಬೆಂಗಳೂರಿಗೋ ಹೋಗಿ ಬರಬೇಕು. ಅಷ್ಟು ದಿನ ಕಂಪ್ಯೂಟರ್ ಸುಮ್ನೆ ಕೂರಬಾರದು ಅಲ್ವಾ?

ಎಎಂಡಿಯಲ್ಲಿ ಇದು ಇನ್ನೂ ಗೋಜಲು. 5600ಜಿಯಲ್ಲಿ ಗ್ರಾಫಿಕ್ಸ್ ಇದೆ, ಬರೀ 5600ರಲ್ಲಿ ಇಲ್ಲ. ಆದರೆ ರೈಜನ್ 5 7600ರಲ್ಲಿ ಜಿ ಇಲ್ಲದಿದ್ದರೂ ಸಣ್ಣ ಗ್ರಾಫಿಕ್ಸ್ ಇದೆ. ಅದು ಪರದೆ ತೋರಿಸಲು, ವಿಡಿಯೊ ನೋಡಲು ಸಾಕು, ಗೇಮ್‌ಗೆ ಆಗುವುದಿಲ್ಲ. ಗೇಮ್ ಆಡುವ ಹುಡುಗರಿದ್ದು, ಕಾರ್ಡ್‌ಗೆ ಈಗ ದುಡ್ಡಿಲ್ಲ ಅಂದರೆ ಜಿ ಇರುವುದೇ ಸರಿ. 8600ಜಿಯಲ್ಲಿ ವ್ಯಾಲರಂಟ್ ಚೆನ್ನಾಗಿಯೇ ಓಡುತ್ತದೆ. ಇಂಟೆಲ್ 12400ರ ಗ್ರಾಫಿಕ್ಸ್ ಗೇಮ್‌ನಲ್ಲಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅದರಲ್ಲಿ ಕ್ವಿಕ್ ಸಿಂಕ್ ಅಂತ ವಿಡಿಯೊಗೇ ಮೀಸಲಾದ ಭಾಗ ಇದೆ. ಡ್ರೋನ್ ವಿಡಿಯೊ ಕತ್ತರಿಸಿ ಜೋಡಿಸುವ ಹೋಂಸ್ಟೇಯವರಿಗೆ ಅದು ಬಹಳ ಉಪಯೋಗ.

ಒಳಗಿನ ಗ್ರಾಫಿಕ್ಸ್ ನೆಚ್ಚಿಕೊಂಡರೆ ರ‍್ಯಾಮ್ ಎರಡು ಸ್ಟಿಕ್ ಹಾಕಿಸಿ. ಅದಕ್ಕೆ ತನ್ನದೇ ಮೆಮೊರಿ ಇಲ್ಲ, ಕಂಪ್ಯೂಟರ್ ರ‍್ಯಾಮನ್ನೇ ಬಳಸುತ್ತದೆ. 16 ಜಿಬಿಯ ಒಂದೇ ಸ್ಟಿಕ್‌ಗಿಂತ 8 ಜಿಬಿಯ ಎರಡು ಹಾಕಿದರೆ ದಾರಿ ಎರಡಾಗುತ್ತದೆ, ಗೇಮ್‌ನಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ಇನ್ನು ಕರೆಂಟ್. ಬೆಂಗಳೂರಿನವರ ವಿಡಿಯೊ ನೋಡಿ ಪ್ರೊಸೆಸರ್ ಆರಿಸುವವರು ಇದನ್ನು ಮರೆಯುತ್ತಾರೆ. ಜೂನ್ ಬಂತೆಂದರೆ ಒಂದು ಮರ ತಂತಿ ಮೇಲೆ ಬಿದ್ದರೆ ಸಾಕು, ಭಾಗಮಂಡಲ, ನಾಪೋಕ್ಲು ಕಡೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳಲಾಗದು. ಲೈನಿನ ತುದಿಯ ತೋಟದ ಮನೆಗಳಲ್ಲಿ ವೋಲ್ಟೇಜ್ ಬೇರೆ ಕಡಿಮೆ. ಸಾಮಾನ್ಯ 600 ವಿಎ ಯುಪಿಎಸ್ ಹೆಚ್ಚೆಂದರೆ 360 ವ್ಯಾಟ್ ಹೊರುತ್ತದೆ. ಅದರೊಳಗಿನ ಬ್ಯಾಟರಿ 12 ವೋಲ್ಟ್, 7 ಆಂಪಿಯರ್-ಅವರ್. ಅಂದರೆ ಲೆಕ್ಕಕ್ಕೆ 84 ವ್ಯಾಟ್-ಅವರ್, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 12400 ಹೆಸರಿಗೆ 65 ವ್ಯಾಟ್ ವರ್ಗದ್ದು, ಪೂರ್ತಿ ದುಡಿದರೂ ಇಂಟೆಲ್ ಹಾಕಿರುವ ಮಿತಿ 117 ವ್ಯಾಟ್. ಎಕ್ಸೆಲ್, ಬ್ರೌಸರ್ ಕೆಲಸಕ್ಕೆ ಅದರ ಸಣ್ಣ ಪಾಲು ಸಾಕು. ಕರೆಂಟ್ ಹೋದ ಮೇಲೂ ಬರೆಯುತ್ತಿದ್ದ ಮೇಲ್ ಮುಗಿಸಿ, ಫೈಲ್ ಸೇವ್ ಮಾಡಿ ಆರಾಮಾಗಿ ಆಫ್ ಮಾಡಬಹುದು. ಐ7-14700ಕೆ ಹಾಕಿ ನೋಡಿ. ಅದೊಂದೇ 253 ವ್ಯಾಟ್‌ವರೆಗೆ ಎಳೆಯುತ್ತದೆ. ಅದರ ಮೇಲೆ ಗ್ರಾಫಿಕ್ಸ್ ಕಾರ್ಡ್ ಇದ್ದು ಗೇಮ್ ನಡೆಯುತ್ತಿದ್ದರೆ ಯುಪಿಎಸ್ ಒಂದು ಸಲ ಕೂಗಿ ಕೈ ಚೆಲ್ಲುತ್ತದೆ.

ಮನೆ ಇನ್ವರ್ಟರ್ ಮೇಲೆ ಓಡಿಸುವವರು ಅದು ಸೈನ್ ವೇವ್ (ಲೈನ್ ಕರೆಂಟಿನ ಥರದ್ದೇ ಕರೆಂಟ್ ಕೊಡುವುದು) ಹೌದೋ ಅಲ್ಲವೋ ನೋಡಿಕೊಳ್ಳಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ಮೊಂಡಾಟ ಮಾಡುತ್ತವೆ. ಹಾಗಂತ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಇಟ್ಟುಕೊಳ್ಳಬೇಡಿ. ಅದು ಹೋಗುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪ್ಲಗ್ ಕಿತ್ತಿಡಿ, ಲ್ಯಾನ್ ವೈರನ್ನೂ ಕೀಳಿ.

ಕೂಲರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಾಕ್ಸಿನಲ್ಲಿ ಬರುವ ಫ್ಯಾನ್ ಈ 65 ವ್ಯಾಟ್ ಪ್ರೊಸೆಸರ್‌ಗಳಿಗೆ ಸಾಕು, ಮಡಿಕೇರಿ ಚಳಿಗಂತೂ ಧಾರಾಳ. ನೀರು ಓಡಾಡುವ ಕೂಲರ್ ಶೋಕಿ ಅಷ್ಟೇ. ನಮ್ಮಲ್ಲಿ ಶತ್ರು ಬಿಸಿ ಅಲ್ಲ, ತೇವ. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತಾದರೂ ಆನ್ ಮಾಡಿ, ಆ ಬಿಸಿಗೆ ಒಳಗೆ ಒಣಗುತ್ತದೆ. ಗೋಡೆಗೆ ಒತ್ತಿಕೊಂಡು ಇಡಬೇಡಿ. ಕ್ಯಾಬಿನೆಟ್ ಹಿಂದೆ ಸ್ಲಾಟ್ ಮುಚ್ಚಳ ಬಿದ್ದುಹೋಗಿದ್ದರೆ ಹಾಕಿಸಿ, ಇಲ್ಲದಿದ್ದರೆ ಇರುವೆ ಸಂಸಾರ ಹೂಡುತ್ತದೆ.

ಇಂಟೆಲ್ಲಾ, ಎಎಂಡಿಯಾ? ಇದರ ಮೇಲೆ ಜಗಳಕ್ಕೆ ನಿಲ್ಲುವವರಿದ್ದಾರೆ, ನಾನು ಆ ಗುಂಪಿಗೆ ಸೇರಿದವನಲ್ಲ. ಸಾಕೆಟ್ ಅಂದರೆ ಮದರ್‌ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ. 12400 ಕೂರುವ ಸಾಕೆಟ್‌ಗೆ ಮುಂದೆ ದಾರಿಯಿಲ್ಲ. ಇಂಟೆಲ್‌ನ ಹೊಸ ಕೋರ್ ಅಲ್ಟ್ರಾ 200 ಹೆಸರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಬೇರೆ ಸಾಕೆಟ್. 5600ಜಿ ಕೂರುವ ಎಎಂ4 ಕೂಡ ಹಳೆಯದಾಯಿತು. 2022ರಲ್ಲಿ ಬಂದ ಎಎಂ5ಕ್ಕೆ ಮಾತ್ರ 2027ರವರೆಗೂ, ಅದರಾಚೆಗೂ ಬೆಂಬಲ ಇರುತ್ತದೆ ಅಂತ ಎಎಂಡಿ ಹೇಳಿದೆ. 8600ಜಿ, 7600 ಎರಡೂ ಅದರವು. ಗೇಮ್ ಹುಚ್ಚಿನ, ಇಂಜಿನಿಯರಿಂಗ್ ಓದುವ ಹುಡುಗ ಮನೆಯಲ್ಲಿದ್ದರೆ ಎಎಂ5 ಒಳ್ಳೆಯದು. ಉಳಿದವರು ಪ್ರೊಸೆಸರ್ ಮಾತ್ರ ಬದಲಿಸಿದ್ದನ್ನು ನಾನು ಕಂಡಿದ್ದು ಅಪರೂಪ. ಹಳೆಯದಾದಾಗ ಪೂರ್ತಿ ಸೆಟ್ಟೇ ಬದಲಿಸುತ್ತಾರೆ.

ಸದ್ಯಕ್ಕೆ ರ‍್ಯಾಮ್ ಬೆಲೆಯೇ ಹೆಚ್ಚು ಮುಖ್ಯ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಅದು ಏರಿ ಕೂತಿದೆ. ಡಿಡಿಆರ್4 ಅಂದರೆ ಹಳೆಯ ಪೀಳಿಗೆಯ ರ‍್ಯಾಮ್, ಡಿಡಿಆರ್5 ಹೊಸದು. ಎಎಂ5ಕ್ಕೆ ಡಿಡಿಆರ್5 ಮಾತ್ರ ಆಗುತ್ತದೆ. 12400ಕ್ಕೆ ಮದರ್‌ಬೋರ್ಡ್ ನೋಡಿಕೊಂಡು ಡಿಡಿಆರ್4 ಅಥವಾ ಡಿಡಿಆರ್5 ಹಾಕಬಹುದು. ಮನೆಯ ಹಳೆಯ ಕಂಪ್ಯೂಟರ್‌ನಲ್ಲಿ ಡಿಡಿಆರ್4 ಸ್ಟಿಕ್ ಇದ್ದರೆ ಬಿಸಾಡಬೇಡಿ, ಡಿಡಿಆರ್4 ಬೋರ್ಡ್ ತಗೊಂಡು ಅದನ್ನೇ ಹಾಕಿಸಿ. ಆ ಒಂದು ಕಾರಣಕ್ಕೆ ನಾನು ಈಗ 12400 ಹೆಸರು ಜಾಸ್ತಿ ಹೇಳುತ್ತಿದ್ದೇನೆ.

ಇಂಟೆಲ್ 13, 14ನೇ ಪೀಳಿಗೆಯ ದೊಡ್ಡ ಪ್ರೊಸೆಸರ್‌ಗಳು, ಐ9-13900ಕೆ, 14900ಕೆ ಥರದವು, ವೋಲ್ಟೇಜ್ ಜಾಸ್ತಿಯಾಗಿ ಕೆಡುತ್ತಿದ್ದ ಸುದ್ದಿ ಕೇಳಿರಬಹುದು. 2024ರಲ್ಲಿ ಇಂಟೆಲ್ ಅದನ್ನು ಒಪ್ಪಿ, ಬಯೋಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಮೂಲಕ ಹಾಕುವ ತಿದ್ದುಪಡಿ ಕೊಟ್ಟು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಅಂಥದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದರೆ ದೂರ ಇರಿ. 12ನೇ ಪೀಳಿಗೆಗೆ ಆ ತೊಂದರೆ ಇಲ್ಲ.

ಐ7, ರೈಜನ್ 7 ಯಾರಿಗೆ ಬೇಕು ಹಾಗಾದರೆ? ಮದುವೆ ವಿಡಿಯೊ ಎಡಿಟಿಂಗ್‌ನಲ್ಲೇ ಹೊಟ್ಟೆ ಹೊರೆಯುವವರಿಗೆ. 3ಡಿ ಕೆಲಸ ಮಾಡುವ ಆರ್ಕಿಟೆಕ್ಟ್‌ಗಳಿಗೆ. ಅವರಿಗೆ ಅರ್ಧ ಗಂಟೆ ಉಳಿದರೂ ದುಡ್ಡೇ. ಅವರು ನನ್ನನ್ನು ಕೇಳುವುದೂ ಇಲ್ಲ.

ಕೊಳ್ಳುವಾಗ ಬಾಕ್ಸ್ ಪೀಸಾ, ಟ್ರೇ ಪೀಸಾ ಅಂತ ಕೇಳಿ. ಬಾಕ್ಸ್‌ಗೆ ಕಂಪನಿಯಿಂದ ಮೂರು ವರ್ಷ ವಾರಂಟಿ. ಟ್ರೇ ಅಂದರೆ ಬಿಡಿ ಬಂದದ್ದು, ಅದರ ವಾರಂಟಿ ಮಾರಿದವರ ಕೈಯಲ್ಲಿ, ಫ್ಯಾನೂ ಬರುವುದಿಲ್ಲ. ಬಿಲ್ಲಿನಲ್ಲಿ "ಐ5 ಪ್ರೊಸೆಸರ್" ಅಂತ ಗೀಚಿದರೆ ಒಪ್ಪಬೇಡಿ. ಪೂರ್ತಿ ಅಂಕಿ, ಕೊನೆಯ ಅಕ್ಷರ, ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಮೈಸೂರಿನಲ್ಲಿ ಜೋಡಿಸಿಕೊಂಡು ಬರುವುದಾದರೆ ಕ್ಯಾಬಿನೆಟ್ ಮಲಗಿಸಿ ತನ್ನಿ, ಮದರ್‌ಬೋರ್ಡ್ ಇರುವ ಬದಿ ಕೆಳಗೆ ಬರಲಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಬಿಚ್ಚಿ ಅದರ ಬಾಕ್ಸಿನಲ್ಲೇ ಇಡಿ, ನಮ್ಮ ತಿರುವುಗಳಿಗೆ ಅದು ಸ್ಲಾಟಿನಿಂದ ಅಲ್ಲಾಡಿಬಿಡುತ್ತದೆ. ಮನೆ ಮುಟ್ಟಿದ ಮೇಲೆ ಆನ್ ಆಗದಿದ್ದರೆ, ಪ್ಲಗ್ ಕಿತ್ತು, ರ‍್ಯಾಮ್ ಎರಡೂ ಕಡೆ ಟಕ್ ಅನ್ನುವಷ್ಟು ಒತ್ತಿ ನೋಡಿ. ಆಮೇಲೆ ನನಗೆ ಫೋನ್ ಮಾಡಿ.