ಚಹಾ ಕೋಣೆಯಲ್ಲೇ ಮುಗಿದ ಸಂದರ್ಶನ

"ಅದನ್ನು ಆಗಲೇ ಹೇಳಿದೆನಲ್ಲ ತಂಗೀ" ಎಂದು ಜೇನು ಸಾಕುವ ಜೇನಜ್ಜ ಮೈಕಿನ ಮುಂದೆ ಹೇಳಿದಾಗ ಗಡಿಯಾರದಲ್ಲಿ 10 ಗಂಟೆ 14 ನಿಮಿಷ. ನೇರ ಪ್ರಸಾರ. ಆಮೇಲೆ ಅವರೂ ಮಾತನಾಡಲಿಲ್ಲ, ನಾನೂ ಮಾತನಾಡಲಿಲ್ಲ.

ನಮ್ಮದು ಮಲೆನಾಡಿನ ಸಮುದಾಯ ಬಾನುಲಿ, 50 ವ್ಯಾಟಿನ ಟ್ರಾನ್ಸ್‌ಮಿಟರ್. ಗುಡ್ಡದ ಆಚೆ ಇಳಿದರೆ ಬರೀ ಗೊರಗೊರ ಸದ್ದು. ಭಾನುವಾರದ ಅತಿಥಿ ಕಾರ್ಯಕ್ರಮ ಐದು ವರ್ಷದಿಂದ ನನ್ನ ಕೊರಳಿಗೇ ಬಿದ್ದಿದೆ. ಸ್ವಂತ ಸುದ್ದಿ, ರಾಜಕೀಯ ಎರಡೂ ನಮ್ಮ ಪರವಾನಗಿಯಲ್ಲಿ ಇಲ್ಲ. ಉಳಿದದ್ದರಲ್ಲೇ ವರ್ಷಕ್ಕೆ 52 ವಿಷಯ, 52 ಅತಿಥಿಗಳನ್ನು ಹುಡುಕಬೇಕು. ಮಳೆಗಾಲ ಬಂದರೆ ಅಡಿಕೆಯ ಕೊಳೆರೋಗ. ಯಾರಾದರೊಬ್ಬ ಅಧಿಕಾರಿ ಬಂದು ಬೋರ್ಡೊ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಮಗ್ಗಿ ಒಪ್ಪಿಸಿ ಹೋಗುತ್ತಾರೆ. ಕೇಳುಗರು ಆ ಹೊತ್ತಿಗೆ ತೋಟದಲ್ಲಿ ಅದನ್ನೇ ಹೊಡೆಯುತ್ತಿರುತ್ತಾರೆ. ನಮ್ಮ ನಿರ್ದೇಶಕರ ಲೆಕ್ಕದಲ್ಲಿ ಅತಿಥಿಯೆಂದರೆ ಶಾಲು ಹೊದಿಸಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬಹುದಾದವರು. ಜೇನಜ್ಜನ ಹೆಸರು ಮುಂದಿಟ್ಟಾಗ ಅವರು ಕೇಳಿದ್ದು ಬಯೋಡೇಟಾ.

ಅಜ್ಜ ಅಂದು ಒಂಬತ್ತಕ್ಕೇ ಬಂದರು. ಮೈಕಿನಲ್ಲಿ ದನಿಯ ಲೆವೆಲ್ ನೋಡುವುದಕ್ಕೆ ಇನ್ನೂ ಹೊತ್ತಿತ್ತು. ಚಹಾ ಕೊಟ್ಟು ಮಾತಿಗೆಳೆದೆ. ನಾನು ಮಾಡಿದ ತಪ್ಪು ಅಲ್ಲಿಂದಲೇ ಶುರು, ಆದರೆ ಆಗ ಅದನ್ನು ನನ್ನ ಜಾಣತನ ಎಂದುಕೊಂಡಿದ್ದೆ.

1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಬಂದು ದಕ್ಷಿಣದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಬಹುಪಾಲು ನಾಶವಾಯಿತಲ್ಲ, ಆ ಕತೆಯನ್ನು ಅಜ್ಜ ಹೇಳಿದರು. ಹುಟ್ಟಿನ ಕಣ್ಣುಗಳಲ್ಲಿ ಮರಿಹುಳುಗಳು ತಲೆ ಎತ್ತಿಕೊಂಡೇ ಸತ್ತಿದ್ದವಂತೆ. ಒಂದನ್ನು ಚಿಮುಟದಲ್ಲಿ ಹಿಡಿದು ಎತ್ತಿದರೆ ನೀರು ತುಂಬಿದ ಪುಟ್ಟ ಚೀಲ. ಹೇಳುತ್ತಲೇ ಅಜ್ಜ ಹೆಬ್ಬೆರಳು ತೋರುಬೆರಳನ್ನು ಕೂಡಿಸಿ, ಬಿಸ್ಕತ್ತಿನ ತಟ್ಟೆಯ ಮೇಲೆ ಆ ಚೀಲವನ್ನು ಎತ್ತಿ ಹಿಡಿದು ತೋರಿಸಿದರು. "ಥಾಯ್ ರೋಗ ಎಂದದ್ದು ನಮಗೆ ತಾಯಿ ರೋಗ ಎಂದು ಕೇಳಿಸಿತು. ಗೂಡಿನ ತಾಯಿ ಎಂದರೆ ರಾಣಿ ತಾನೆ, ಏನೂ ಆಗದ ಅದನ್ನು ದಿನಾ ಹುಡುಕಿ ಹುಡುಕಿ ನೋಡುತ್ತಿದ್ದೆವು" ಎಂದು ನಕ್ಕರು. ನಾನು ಕಾರ್ಯಕ್ರಮದ ಕ್ರಮ ಬರೆದಿಟ್ಟ ಕ್ಯೂ ಶೀಟಿನ ಹಿಂಬದಿಯಲ್ಲಿ ಎಲ್ಲವನ್ನೂ ಗೀಚಿಕೊಂಡೆ. ಚಿನ್ನ ಸಿಕ್ಕಿತು ಎನ್ನಿಸಿತ್ತು.

ಕೆಂಪು ದೀಪ ಹತ್ತಿತು.

"ಆ ರೋಗ ಬಂದಾಗ ಪೆಟ್ಟಿಗೆಗಳೆಲ್ಲ ಖಾಲಿಯಾದವಂತೆ?"

"ಹೌದು."

"ಮರಿಗಳು ತಲೆ ಎತ್ತಿಕೊಂಡೇ ಸತ್ತಿದ್ದವಂತೆ?"

"ಹೌದು."

ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರ ತುಂಬಿಸಿ ಕೇಳಿದರೆ ಪಾಪ, ಅವರಾದರೂ ಇನ್ನೇನು ಹೇಳಿಯಾರು? ಮೂರನೆಯ ಪ್ರಶ್ನೆಗೇ ಆ "ಆಗಲೇ ಹೇಳಿದೆನಲ್ಲ" ಬಂದದ್ದು. ಒಂದೇ ಕತೆಯನ್ನು ಒಬ್ಬಳಿಗೇ ಎರಡು ಸಲ ಹೇಳುವುದು ಅವರಿಗೆ ಮರ್ಯಾದೆಯಾಗಿ ಕಾಣಲಿಲ್ಲ. ಗಾಜಿನಾಚೆ ನಮ್ಮ ತಂತ್ರಜ್ಞ ಹುಡುಗ ದನಿ ಏರಿಸಿ ಇಳಿಸುವ ಫೇಡರಿನ ಮೇಲೆ ಬೆರಳಿಟ್ಟು, ಹಾಡು ಹಾಕಲೇ ಎಂದು ಹುಬ್ಬಿನಲ್ಲೇ ಕೇಳಿದ. ಬೇಡವೆಂದು ತಲೆಯಾಡಿಸಿದೆ. ಸೆಕೆಂಡಿನ ಮುಳ್ಳು ಅಷ್ಟು ನಿಧಾನವಾಗಿ ಸರಿದದ್ದನ್ನು ನಾನು ಕಂಡಿರಲಿಲ್ಲ. ಅಜ್ಜನ ಉಸಿರು ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಆ ಗಾಬರಿಯಲ್ಲಿ ಅವರ ಕತೆಯನ್ನು ನಾನೇ ಹೇಳಲು ತೊಡಗಿದೆ. ಎರಡು ನಿಮಿಷ ಓತಪ್ರೋತವಾಗಿ, ಅವರ ಮಾತುಗಳಲ್ಲೇ, ಅವರು ನಕ್ಕಲ್ಲೇ ನಕ್ಕು. ನಡುವೆ "ಪೆಟ್ಟಿಗೆಯಲ್ಲಿದ್ದ ಹೆಜ್ಜೇನುಗಳೆಲ್ಲ ಸತ್ತವು" ಎಂದೂ ಹೇಳಿಬಿಟ್ಟೆ. ಎದುರಿಗೇ ಕೂತಿದ್ದ ಅಜ್ಜ ತಿದ್ದಲಿಲ್ಲ, ಮೇಜಿನ ಕಡೆಗೆ ನೋಡಿದರು. ಫೋನಿನ ದೀಪ ಮಿನುಗಿತು. ದೂರದ ಹಳ್ಳಿಯ ಹೆಂಗಸೊಬ್ಬರು, ನಮಸ್ಕಾರವೂ ಇಲ್ಲ. "ಹೆಜ್ಜೇನನ್ನು ಯಾರಮ್ಮಾ ಪೆಟ್ಟಿಗೆಯಲ್ಲಿ ಸಾಕುತ್ತಾರೆ? ಅದು ಬಯಲಲ್ಲಿ, ಎತ್ತರದ ಮರಕ್ಕೆ ಒಂದೇ ಹುಟ್ಟು ಕಟ್ಟುವುದು. ಅಲ್ಲಿ ಕೂತಿರುವ ಅಜ್ಜನನ್ನು ಕೇಳು."

ಅಜ್ಜನಿಗೆ ಜೀವ ಬಂತು. ಆ ಹೆಂಗಸಿನ ಮನೆಯ ಜೇನು ಕಳೆದ ಮಳೆಗಾಲದಲ್ಲಿ ಪೆಟ್ಟಿಗೆ ಬಿಟ್ಟು ಹೋಗಿತ್ತಂತೆ. ಅಜ್ಜ ಕೇಳತೊಡಗಿದರು: ಸಕ್ಕರೆ ಪಾಕ ಕೊಟ್ಟಿದ್ದಿರಾ? ಕೊಟ್ಟಿದ್ದೆ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು? ಇತ್ತು. ಹಳೆಯ ಹುಟ್ಟು ತೆಗೆದಿದ್ದಿರಾ? ಆ ಕಡೆ ಮೌನ. "ಹಾಗಾದರೆ ಮೇಣದ ಹುಳು ಬಿದ್ದಿರುತ್ತದೆ" ಎಂದರು ಅಜ್ಜ. ಒಂದೊಂದು ಪ್ರಶ್ನೆಯೂ ಚಿಕ್ಕದು, ಉತ್ತರ ಗೊತ್ತಿಲ್ಲದೆ ಕೇಳಿದ್ದು. ನಾನು ಕೈಕಟ್ಟಿ ಕೂತು ಕೇಳಿಸಿಕೊಂಡೆ. ಚಹಾ ಕೋಣೆಯಲ್ಲಿ ನನಗೆ ಹೇಳದಿದ್ದ ಒಂದು ಮಾತನ್ನೂ ಆಕೆಗೆ ಹೇಳಿದರು. ರೋಗದ ವರ್ಷ ಖಾಲಿಯಾದ ಪೆಟ್ಟಿಗೆಗಳಲ್ಲಿ ಒಂದನ್ನು ಮಾತ್ರ ತೊಳೆದು ಒಣಗಿಸಿ ಜಗುಲಿಯ ಮೂಲೆಯಲ್ಲಿ ಇಟ್ಟಿದ್ದರಂತೆ. ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ತುಡುವೆಗಳು ತಾವಾಗಿಯೇ ಬಂದು ಅದರಲ್ಲಿ ಕೂತವಂತೆ.

ಕಾರ್ಯಕ್ರಮ ಒಂಬತ್ತು ನಿಮಿಷ ಓವರ್‌ರನ್ ಆಗಿ, ನಂತರದ ಪ್ರಾಯೋಜಿತ ಆರೋಗ್ಯ ಕಾರ್ಯಕ್ರಮದ ತಲೆ ಹಾರಿತು. ಸೋಮವಾರದ ಸಭೆಯಲ್ಲಿ ಅದೊಂದೇ ಮಾತು. "ನಿರೂಪಕಿ ಕೊನೆಯ ಅರ್ಧ ಗಂಟೆ ಮಾತನ್ನೇ ಆಡಿಲ್ಲ, ಸಂಬಳ ಯಾತಕ್ಕೆ?" ಎಂದು ನಿರ್ದೇಶಕರು ಕೇಳಿದರು. ಇಡೀ ಕಾರ್ಯಕ್ರಮದಲ್ಲಿ ಸರಿಯಾಗಿದ್ದದ್ದು ಆ ಅರ್ಧ ಗಂಟೆ ಮಾತ್ರ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಈಗ ಅತಿಥಿಗಳು ಬೇಗ ಬಂದರೆ ಮಳೆ, ಹಲಸಿನಕಾಯಿ, ಬಸ್ಸಿನ ಹೊತ್ತು ಇಷ್ಟನ್ನೇ ಮಾತನಾಡುತ್ತೇನೆ. ಅವರು ವಿಷಯಕ್ಕೆ ಬಂದರೆ ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತೇನೆ. ಒರಟಾಗಿ ಕಾಣುತ್ತದೆ, ಕಾಣಲಿ.

ಆ ದಿನದ ಲಾಗ್ ಪುಸ್ತಕದಲ್ಲಿ 10:14ರ ಎದುರು "ಮೌನ, 11 ಸೆಕೆಂಡು" ಎಂದಿದೆ. ಕಾರಣದ ಅಂಕಣದಲ್ಲಿ ನಾನು ತಾಂತ್ರಿಕ ದೋಷ ಎಂದು ಬರೆದಿದ್ದೆ. ತಂತ್ರಜ್ಞ ಹುಡುಗ ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ ದುಂಡಗೆ "ಚಹಾ" ಎಂದು ಬರೆದು ಸಹಿ ಮಾಡಿದ್ದಾನೆ.