ಕಾಫಿಯ ನಾಡಿನಲ್ಲಿ ಒಂದು ಲೋಟ ಟೀ: ಮೈಸೂರಿನಿಂದ ಹುದಿಕೇರಿಗೆ ಒಂದು ದಿನದ ಬೈಕ್ ಸವಾರಿ

ಟೀ ಕುಡಿಯಲು ಕೊಡಗಿಗೆ ಹೊರಟಿದ್ದೇವೆ ಎಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಕೊಡಗು ಕಾಫಿಯ ನಾಡು ಎಂಬುದು ನಿಜವೇ; ಆದರೆ ದಕ್ಷಿಣ ಕೊಡಗಿನ ಹುದಿಕೇರಿಯ ಕಡೆ ಗ್ಲೆನ್‌ಲೋರ್ನಾ ಎಂಬ ಟೀ ತೋಟವೂ ಇದೆ. ವಾರಾಂತ್ಯದಲ್ಲಿ ಮಡಿಕೇರಿಯ ರಸ್ತೆ ಪ್ರವಾಸಿಗರ ಕಾರುಗಳಿಂದ ತುಂಬಿಹೋಗುವುದರಿಂದ, ನಮ್ಮ ಕ್ಲಬ್ಬಿನ ಬೇಸಿಗೆ ಸವಾರಿಗೆ ಈ ಬಾರಿ ಆ ದಿಕ್ಕನ್ನೇ ಆರಿಸಿಕೊಂಡೆವು. ಹೋಗಿ ಬರಲು ಸುಮಾರು 220 ಕಿಲೋಮೀಟರ್ ಆಗುತ್ತದೆ. ದೂರ ಹೆಚ್ಚಿಲ್ಲವೆಂದು ತಡವಾಗಿ ಹೊರಟವರು ಮಧ್ಯಾಹ್ನದ ಗುಡುಗು ಮಳೆಗೂ ಸಂಜೆಯ ಆನೆಗಳಿಗೂ ಸಿಕ್ಕಿಬೀಳುವ ಸಂಭವವಿರುವುದರಿಂದ, ಬೆಳಗಿನ ಐದೂವರೆಗೇ ಮೈಸೂರು ಬಿಡುವುದು ಒಳ್ಳೆಯದು.

ಮಾರ್ಚ್ ಕೊನೆಯ ಭಾನುವಾರ ಹನ್ನೊಂದು ಬೈಕುಗಳಲ್ಲಿ ಹೊರಟೆವು. ಅವುಗಳಲ್ಲಿ ನಾಲ್ಕು ಹಳೆಯ ಯೆಜ್ಡಿಗಳು. ಅವನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಗಿದ್ದರೂ, ನಮ್ಮೂರಿನಲ್ಲಿ ಅವುಗಳ ಸದ್ದು ಇನ್ನೂ ನಿಂತಿಲ್ಲ. ಗುಂಪಿನಲ್ಲಿ ಯೆಜ್ಡಿಯಂತಹ ಟೂ ಸ್ಟ್ರೋಕ್ ಬೈಕುಗಳಿದ್ದರೆ ಪೆಟ್ರೋಲಿಗೆ ಬೆರೆಸುವ ಆಯಿಲ್ ಡಬ್ಬಿ, ಒಂದೆರಡು ಸ್ಪಾರ್ಕ್ ಪ್ಲಗ್, ಕ್ಲಚ್ ಕೇಬಲ್ ಇವಿಷ್ಟನ್ನು ಮರೆಯದೆ ಒಯ್ಯಬೇಕು. ಇಳಿಜಾರಿನಲ್ಲಿ ವೇಗವನ್ನು ತಡೆದು ಹಿಡಿಯುವ ಶಕ್ತಿ ಟೂ ಸ್ಟ್ರೋಕ್ ಎಂಜಿನ್ನಿಗೆ ಕಡಿಮೆಯಾಗಿರುವುದರಿಂದ, ಹಳೆಯ ಡ್ರಮ್ ಬ್ರೇಕನ್ನೇ ನಂಬಿ ವೇಗ ಹೆಚ್ಚಿಸಿಕೊಂಡರೆ ಅದು ಕಾದು ಕೈಕೊಡುತ್ತದೆ. ಆದ್ದರಿಂದ ಈ ಬೈಕುಗಳನ್ನು ಗುಂಪಿನ ಮುಂಭಾಗದಲ್ಲಿಟ್ಟು, ಅವುಗಳ ವೇಗಕ್ಕೆ ಉಳಿದವರು ಹೊಂದಿಕೊಳ್ಳಬೇಕೆಂಬುದು ನಮ್ಮ ಕ್ಲಬ್ಬಿನ ನಿಯಮ. ಹೊಸ ಬೈಕಿನವರು ಇದಕ್ಕೆ ಗೊಣಗುವುದುಂಟು, ಗೊಣಗಲಿ.

ಹುಣಸೂರು ದಾಟಿ ಆನೆಚೌಕೂರಿನಿಂದ ತಿತಿಮತಿಯವರೆಗಿನ ರಸ್ತೆ ನಾಗರಹೊಳೆ ಕಾಡಿನ ನಡುವೆ ಸಾಗುತ್ತದೆ. ಮತ್ತಿಗೋಡು ಆನೆ ಶಿಬಿರವೂ ಈ ರಸ್ತೆಯ ಬದಿಯಲ್ಲೇ ಇದೆ. ಇಲ್ಲಿ ಫೋಟೋಗೆಂದು ನಿಲ್ಲಬೇಡಿ, ಹಾರ್ನ್ ಮಾಡಬೇಡಿ. ಗುಂಪು ಚೆದುರದಂತೆ ಒಂದೇ ವೇಗದಲ್ಲಿ ದಾಟಿಬಿಡಿ. ಗೋಣಿಕೊಪ್ಪದಲ್ಲಿ ಭಾನುವಾರ ಸಂತೆ ಇರುವುದರಿಂದ, ಎಂಟೂವರೆಯೊಳಗೆ ತಿಂಡಿ ಮುಗಿಸಿ ಪೆಟ್ರೋಲ್ ತುಂಬಿಸಿಕೊಂಡು ಹೊರಟರೆ ಜನಸಂದಣಿಯ ಕಾಟವಿಲ್ಲ. ಮುಂದೆ ಮೊಬೈಲ್ ಸಂಪರ್ಕ ಆಗಾಗ ಕಡಿದುಹೋಗುತ್ತದೆ. ಎಲ್ಲಿ ಸೇರಬೇಕೆಂಬುದನ್ನು ಇಲ್ಲಿಯೇ ಬಾಯಿಮಾತಿನಲ್ಲಿ ನಿಶ್ಚಯಿಸಿಕೊಳ್ಳುವುದು ಕ್ಷೇಮ.

ಪೊನ್ನಂಪೇಟೆಯಿಂದಾಚೆಗೆ ಸವಾರಿಯ ಸೊಗಸು ಆರಂಭವಾಗುತ್ತದೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ, ಬಿದ್ದು ಎಂಟು ಹತ್ತು ದಿನಗಳಿಗೆ ಕಾಫಿ ಗಿಡಗಳು ಒಮ್ಮೆಗೇ ಅರಳುತ್ತವೆ. ಆ ಬಿಳುಪು ಮೂರು ನಾಲ್ಕು ದಿನ ಮಾತ್ರ ಇರುತ್ತದೆ. ನಮಗೆ ಅದು ಅದೃಷ್ಟವಶಾತ್ ಸಿಕ್ಕಿತು. ಹೆಲ್ಮೆಟ್ಟಿನ ಗಾಜು ಎತ್ತಿದ ಕೂಡಲೇ ಮಲ್ಲಿಗೆಯನ್ನು ಹೋಲುವ ಪರಿಮಳ ಮೂಗಿಗೆ ತುಂಬಿಕೊಂಡಿತು. ಆದರೆ ಇದೇ ಕಾಲದಲ್ಲಿ, ಮಳೆ ಸಾಲದ ತೋಟಗಳಲ್ಲಿ ಸ್ಪ್ರಿಂಕ್ಲರ್ ಓಡುತ್ತಿರುತ್ತದೆ ಎಂಬುದು ನೆನಪಿರಲಿ. ಒಣಗಿದ ರಸ್ತೆಯ ತಿರುವೊಂದರಲ್ಲಿ ಹದಿನೈದು ಅಡಿಯಷ್ಟು ಮಾತ್ರ ಒದ್ದೆಯಾಗಿ, ಅದರ ಮೇಲೆ ಸಿಲ್ವರ್ ಓಕ್ ಎಲೆಗಳು ಅಂಟಿಕೊಂಡಿದ್ದವು. ನಮ್ಮ ಮೂರನೆಯ ಬೈಕಿನ ಹಿಂಚಕ್ರ ಅಲ್ಲಿ ಒಂದು ಗೇಣು ಜಾರಿ, ಸವಾರ ಬ್ರೇಕ್ ಮುಟ್ಟದೆ ಸುಮ್ಮನಿದ್ದುದರಿಂದ ಹೇಗೋ ನೆಟ್ಟಗಾಯಿತು.

ಹುದಿಕೇರಿಯ ಸಮೀಪದ ಏರಿನಲ್ಲಿ ನನ್ನ ಯೆಜ್ಡಿಯ ಕ್ಲಚ್ ಕೇಬಲ್ ಕಡಿಯಿತು. ಕೇಬಲ್ ಒಯ್ಯಿರೆಂದು ಎಲ್ಲರಿಗೂ ಹೇಳಿದ ನಾನೇ ಅದನ್ನು ಮನೆಯ ಮೇಜಿನ ಮೇಲೆ ಬಿಟ್ಟು ಬಂದಿದ್ದೆ. ಉಳಿದ ಮೂವರು ಯೆಜ್ಡಿ ಸವಾರರೂ ನನ್ನನ್ನೇ ನಂಬಿಕೊಂಡು ಬರಿಗೈಯಲ್ಲಿ ಬಂದಿದ್ದರು. ಪುಣ್ಯಕ್ಕೆ ಈ ಬೈಕಿನಲ್ಲಿ ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಟ್ಟುಕೊಳ್ಳುವ ಏರ್ಪಾಡು ಇದೆ. ಲಿವರನ್ನು ಒತ್ತಿ ಹಿಡಿದು, ಆಕ್ಸಿಲರೇಟರ್ ಕೊಡುತ್ತಾ ಪಾದವನ್ನು ನಿಧಾನವಾಗಿ ಸಡಿಲಿಸಿದರೆ, ಕೈಯ ಕ್ಲಚ್ ಇಲ್ಲದೆಯೂ ಬೈಕ್ ಮುಂದೆ ಹೊರಡುತ್ತದೆ. ಯೆಜ್ಡಿ ಇಟ್ಟುಕೊಂಡವರು ಇದನ್ನು ಊರಿನ ಬಯಲಿನಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಂಡಿರಬೇಕು. ನಾನು ಏರಿನ ಮೇಲೆ ಕಲಿಯಬೇಕಾಯಿತು.

ಟೀ ತೋಟ ಖಾಸಗಿ ಆಸ್ತಿಯಾದ್ದರಿಂದ ಅನುಮತಿಯಿಲ್ಲದೆ ಒಳಗೆ ಕಾಲಿಡಬಾರದು. ಕತ್ತರಿಸಿ ಸಮ ಮಾಡಿದ ಹಸಿರು ಗಿಡಗಳ ಸಾಲನ್ನು ರಸ್ತೆಯಿಂದಲೇ ನೋಡಿ, ಊರಿನ ಚಿಕ್ಕ ಅಂಗಡಿಯೊಂದರ ಮುಂದೆ ಬೈಕುಗಳನ್ನು ಒಂದೇ ಬದಿಗೆ ನಿಲ್ಲಿಸಿದೆವು. ಹಾಲಿಲ್ಲದ ಟೀ ಕೇಳಿದಾಗ ಅಂಗಡಿಯ ಅಕ್ಕ, "ಅಷ್ಟು ದೂರದಿಂದ ಬಂದು ಟೀ ಕುಡಿಯುತ್ತೀರಾ? ಬೆಲ್ಲದ ಕಾಫಿ ಮಾಡಿಕೊಡುತ್ತೇನೆ, ಕೂತುಕೊಳ್ಳಿ" ಎಂದರು. ಮೊದಲು ಟೀಯೇ ಆಗಲಿ ಎಂದು ಹಟ ಹಿಡಿದೆವು. ಅವರು ಪಾತ್ರೆಯನ್ನು ಉರಿಯಿಂದ ಇಳಿಸಿದ ಮೇಲೆಯೇ ಪುಡಿ ಹಾಕಿ, ಮುಚ್ಚಿಟ್ಟು, ಸ್ವಲ್ಪ ಹೊತ್ತಿನ ನಂತರ ಸೋಸಿದರು. ಜೇನಿನ ಬಣ್ಣದ ಆ ಟೀಯಲ್ಲಿ ಕುದಿಸಿದ ಟೀಯ ಒಗರು ಇರಲಿಲ್ಲ. ಆಮೇಲೆ ಬೆಲ್ಲದ ಕಾಫಿಯೂ ಬಂತು. ನಿಜ ಹೇಳಬೇಕೆಂದರೆ ಹನ್ನೊಂದು ಜನರಲ್ಲಿ ಒಂಬತ್ತು ಮಂದಿ ಮತ್ತೊಂದು ಲೋಟ ಕೇಳಿದ್ದು ಅದನ್ನೇ. ಇಂತಹ ಚಿಕ್ಕ ಅಂಗಡಿಗೆ ದೊಡ್ಡ ಗುಂಪು ಒಮ್ಮೆಗೇ ನುಗ್ಗಿದರೆ ಅವರಿಗೂ ಕಷ್ಟ. ಚಿಲ್ಲರೆ ಹಣ ಜೊತೆಗಿರಲಿ, ಎಂಜಿನ್ ಆರಿಸಿಯೇ ಮಾತಾಡಿ.

ಇರ್ಪು ಜಲಪಾತಕ್ಕೂ ಹೋಗೋಣವೆಂಬ ಸಲಹೆ ಬಂತಾದರೂ, ಬೇಸಿಗೆಯಲ್ಲಿ ಅಲ್ಲಿ ನೀರು ತೀರ ಕಡಿಮೆ ಇರುವುದರಿಂದ ಕೈಬಿಟ್ಟೆವು. ಗೋಣಿಕೊಪ್ಪದಲ್ಲಿ ಅಕ್ಕಿ ರೊಟ್ಟಿಯ ಊಟ ಮುಗಿಸುವಷ್ಟರಲ್ಲಿ ಬ್ರಹ್ಮಗಿರಿಯ ಕಡೆ ಮೋಡ ಕಪ್ಪಾಗಿತ್ತು. ಎರಡು ಗಂಟೆಗೆ ಹೊರಟು, ತಿತಿಮತಿಯ ಕಾಡನ್ನು ಬೆಳಕಿರುವಾಗಲೇ ದಾಟಿ ಹುಣಸೂರಿಗೆ ಬಂದಾಗ, ಮೆಕ್ಯಾನಿಕ್ ಅಂಗಡಿಗೆ ಭಾನುವಾರದ ಬೀಗ ಬಿದ್ದಿತ್ತು. ಮೈಸೂರಿನವರೆಗೂ ಕೇಬಲ್ ಇಲ್ಲದೆಯೇ, ಪ್ರತಿ ಸಿಗ್ನಲ್ಲಿನಲ್ಲೂ ಎಡಪಾದದಿಂದ ಕ್ಲಚ್ ಹಿಡಿಯುತ್ತಾ ಬಂದೆ.